ಗಡಿಯಾಚೆಗಿನ ಸರಕು ಸಾಗಣೆ: ಉನ್ನತ ಮುಖ್ಯಸ್ಥರ ನೇಮಕ

ಒಂದು ದೇಶದ ಕಾರ್ಖಾನೆಯಲ್ಲಿ ಲಾರಿಗೋ ರೈಲಿಗೋ ಏರಿದ ಸರಕು ನೆಲದ ಗಡಿ ದಾಟಿ ಇನ್ನೊಂದು ದೇಶದ ಉಗ್ರಾಣ ಸೇರುವವರೆಗಿನ ಇಡೀ ವ್ಯವಹಾರಕ್ಕೆ, ಅದರ ಲಾಭನಷ್ಟಕ್ಕೆ, ಕಾನೂನಿನ ಹೊಣೆಗೆ ಉತ್ತರ ಹೇಳಬೇಕಾದವರು ಗಡಿಯಾಚೆಗಿನ ಸಾಗಣೆಯ ಉನ್ನತ ಮುಖ್ಯಸ್ಥರು. ಉಪಾಧ್ಯಕ್ಷ, ದೇಶದ ಮುಖ್ಯಸ್ಥ, ಪ್ರಧಾನ ನಿರ್ದೇಶಕ ಎಂದು ಹುದ್ದೆಯ ಹೆಸರು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಇವರ ನೇಮಕ ಸಾಗಣೆ ಉದ್ಯಮದ ಉಳಿದ ಉನ್ನತ ನೇಮಕಗಳಿಗಿಂತ ಕಠಿಣವಾದದ್ದು. ಕಸ್ಟಮ್ಸ್ ಏಜೆಂಟರು, ಸೇತುವೆ ದಾಟಿಸುವ ಸಣ್ಣ ಲಾರಿ ಮಾಲೀಕರು, ಎರಡು ಸರ್ಕಾರಗಳ ಅಧಿಕಾರಿಗಳು, ಆಚೆ ದೇಶದ ಪಾಲುದಾರ ಕಂಪನಿಗಳು ಹೀಗೆ ತಮ್ಮ ಕೈಕೆಳಗೆ ಇಲ್ಲದವರಿಂದಲೇ ಇವರು ಹೆಚ್ಚಿನ ಕೆಲಸ ಮಾಡಿಸಬೇಕಾಗುತ್ತದೆ. ಒಳನಾಡಿನಲ್ಲಿ ಆಜ್ಞೆಯಿಂದ ಆಗುವ ಕೆಲಸ ಗಡಿಯಲ್ಲಿ ಒಪ್ಪಂದದಿಂದ, ಪರಿಚಯದಿಂದ, ಹಳೆಯ ನಂಬಿಕೆಯಿಂದ ಆಗುತ್ತದೆ. ಆದ್ದರಿಂದ ಅಭ್ಯರ್ಥಿ ಹಿಂದೆ ಎಷ್ಟು ದೊಡ್ಡ ಹುದ್ದೆಯಲ್ಲಿದ್ದರು ಎಂಬ ಅಳತೆ ಇಲ್ಲಿ ಹಲವು ಸಲ ದಾರಿ ತಪ್ಪಿಸುತ್ತದೆ.

ಈ ನೇಮಕಗಳ ಎಲ್ಲ ಸಮಸ್ಯೆಗಳೂ ಒಟ್ಟಿಗೆ ಕಾಣುವ ಜಾಗ ಅಮೆರಿಕ–ಮೆಕ್ಸಿಕೊ ಗಡಿ. ಯುರೋಪಿನ ಒಳಗಡಿಗಳಲ್ಲಿ ಸುಂಕದ ಕಟ್ಟೆ ಇಲ್ಲ. ಭಾರತದ ಗಡಿಗಳಲ್ಲಿ ವಹಿವಾಟು ಇನ್ನೂ ಕಡಿಮೆ. ಮೆಕ್ಸಿಕೊ ಗಡಿಯಲ್ಲಾದರೆ ಅಪಾರ ಸರಕಿನ ಜೊತೆಗೆ ಎರಡು ಭಾಷೆ, ಎರಡು ಕಾನೂನು ಪರಂಪರೆ, ಎರಡು ಸಂಬಳದ ಮಟ್ಟಗಳು ಮುಖಾಮುಖಿಯಾಗುತ್ತವೆ. ಈ ಲೇಖನ ಮುಖ್ಯವಾಗಿ ಆ ಗಡಿಯನ್ನೇ ಹಿಡಿದು ಸಾಗುತ್ತದೆ.

ಹಿನ್ನೆಲೆ

ಮೆಕ್ಸಿಕೊ ಸರ್ಕಾರ 1965ರಲ್ಲಿ ಗಡಿ ಕೈಗಾರಿಕಾ ಯೋಜನೆಯನ್ನು ಆರಂಭಿಸಿತು. ಬಿಡಿಭಾಗಗಳನ್ನು ಸುಂಕವಿಲ್ಲದೆ ತರಿಸಿ, ಜೋಡಿಸಿ, ಮತ್ತೆ ಉತ್ತರಕ್ಕೆ ಕಳಿಸುವ ‘ಮಾಕಿಲಾದೋರಾ’ ಕಾರ್ಖಾನೆಗಳು ಆಗ ಗಡಿಯುದ್ದಕ್ಕೂ ತಲೆಯೆತ್ತಿದವು. 1994ರ ಜನವರಿ 1ರಂದು ಜಾರಿಗೆ ಬಂದ ಉತ್ತರ ಅಮೆರಿಕ ಮುಕ್ತ ವ್ಯಾಪಾರ ಒಪ್ಪಂದ, ಅಂದರೆ ನಾಫ್ಟಾ, ಈ ವ್ಯವಸ್ಥೆಯನ್ನು ಮಾಂಟೆರೇ, ಸಾಲ್ಟಿಯೊ, ಬಾಹಿಯೊ ಪ್ರದೇಶದವರೆಗೆ ಒಳನಾಡಿಗೆ ಹರಡಿತು. 2020ರ ಜುಲೈ 1ರಿಂದ ಅದರ ಜಾಗಕ್ಕೆ ಯುಎಸ್‌ಎಂಸಿಎ ಒಪ್ಪಂದ ಬಂತು. 2023ರಲ್ಲಿ ಮೆಕ್ಸಿಕೊ ಅಮೆರಿಕದ ಅತಿ ದೊಡ್ಡ ಸರಕು ವ್ಯಾಪಾರ ಪಾಲುದಾರ ದೇಶವಾಯಿತು. ಆ ವರ್ಷ ಎರಡು ದೇಶಗಳ ನಡುವಿನ ಸರಕು ವಹಿವಾಟು ಸುಮಾರು 80,000 ಕೋಟಿ ಡಾಲರ್. ಇದರಲ್ಲಿ ದೊಡ್ಡ ಪಾಲು ಲಾರಿಗಳ ಮೇಲೆಯೇ ಸಾಗುತ್ತದೆ.

ಆ ಲಾರಿಗಳು ಸೇರುವ ಊರುಗಳಲ್ಲಿ ಮೊದಲನೆಯದು ಟೆಕ್ಸಾಸ್‌ನ ಲರೇಡೊ. ರಿಯೊ ಗ್ರಾಂಡೆ ನದಿಯ ಆಚೆ ದಡದಲ್ಲಿ ನ್ಯುವೊ ಲರೇಡೊ ಇದೆ. 2000ದಲ್ಲಿ ತೆರೆದ ವರ್ಲ್ಡ್ ಟ್ರೇಡ್ ಬ್ರಿಡ್ಜ್ ಸರಕು ಲಾರಿಗಳಿಗಷ್ಟೇ ಮೀಸಲಾದ ಸೇತುವೆ; 1991ರಲ್ಲಿ ಆರಂಭವಾದ ಕೊಲಂಬಿಯಾ ಸೇತುವೆ ಪಕ್ಕದ ನ್ಯುವೊ ಲಿಯೊನ್ ರಾಜ್ಯಕ್ಕೆ ದಾರಿ. ಲರೇಡೊ ಮೂಲಕ ವರ್ಷಕ್ಕೆ ಸುಮಾರು 30 ಲಕ್ಷ ಲಾರಿಗಳು ಅಮೆರಿಕದೊಳಕ್ಕೆ ಬರುತ್ತವೆ. ಕಾರು, ಎಲೆಕ್ಟ್ರಾನಿಕ್ ಸರಕಿಗೆ ಎಲ್ ಪಾಸೊ ಮತ್ತು ಒಟಾಯ್ ಮೇಸಾ, ಹಣ್ಣು ತರಕಾರಿಗೆ ಫಾರ್ ಮತ್ತು ನೊಗಾಲೆಸ್ ಹೆಸರಾದವು. ಟೊಮೆಟೊ ದಾಟಿಸಿದ ಅನುಭವ ಕಾರಿನ ಬಿಡಿಭಾಗಕ್ಕೆ ಪೂರ್ತಿ ಒದಗುವುದಿಲ್ಲ. ಒಂದರಲ್ಲಿ ತಂಪು ಕೆಡಬಾರದು, ಇನ್ನೊಂದರಲ್ಲಿ ಕಾರ್ಖಾನೆಯ ಜೋಡಣೆ ಸಾಲು ನಿಲ್ಲಬಾರದು. ನೇಮಕ ಮಾಡುವವರು ‘ಗಡಿಯ ಅನುಭವ’ ಎಂದಷ್ಟೇ ಕೇಳಿ ಸುಮ್ಮನಾದರೆ ಈ ವ್ಯತ್ಯಾಸ ಕಣ್ಣಿಗೆ ಬೀಳದೆ ಉಳಿಯುತ್ತದೆ.

ಹುದ್ದೆಯ ಕೆಲಸ

ಮಾಂಟೆರೇಯಿಂದ ಚಿಕಾಗೊಗೆ ಹೊರಟ ಒಂದು ಟ್ರೇಲರನ್ನು ಸಾಮಾನ್ಯವಾಗಿ ಮೂರು ಎಂಜಿನ್ ಲಾರಿಗಳು ಎಳೆಯುತ್ತವೆ. ಮೆಕ್ಸಿಕೊದ ದೂರಪ್ರಯಾಣದ ಲಾರಿ ಅದನ್ನು ನ್ಯುವೊ ಲರೇಡೊದ ಅಂಗಳದಲ್ಲಿ ಬಿಡುತ್ತದೆ. ‘ಟ್ರಾನ್ಸ್‌ಫರ್’ ಎಂದು ಕರೆಯುವ ಇನ್ನೊಂದು ಲಾರಿ ಅದನ್ನು ಸೇತುವೆ ದಾಟಿಸಿ ಲರೇಡೊದ ಅಂಗಳಕ್ಕೆ ತರುತ್ತದೆ. ಅಲ್ಲಿಂದ ಅಮೆರಿಕದ ಲಾರಿ ಉತ್ತರಕ್ಕೆ ಎಳೆದುಕೊಂಡು ಹೋಗುತ್ತದೆ. ಮೂರು ಚಾಲಕರು, ಮೂರು ಕಂಪನಿಗಳು, ಮೂರು ವಿಮೆಗಳು. ಗ್ರಾಹಕನ ಕಣ್ಣಿಗೆ ಮಾತ್ರ ಒಂದೇ ಸಾಗಣೆ, ಒಂದೇ ಬಿಲ್ಲು.

ಈ ಬಳಸು ವ್ಯವಸ್ಥೆಗೆ ರಾಜಕೀಯದ ಹಿನ್ನೆಲೆ ಇದೆ. ನಾಫ್ಟಾ ಪ್ರಕಾರ ಮೆಕ್ಸಿಕೊದ ಲಾರಿಗಳಿಗೆ 1995ರ ಡಿಸೆಂಬರಿನಲ್ಲಿ ಅಮೆರಿಕದ ಗಡಿ ರಾಜ್ಯಗಳು ತೆರೆಯಬೇಕಿತ್ತು. ಚಾಲಕರ ಸಂಘಟನೆಗಳ ವಿರೋಧ, ಸುರಕ್ಷತೆಯ ಆಕ್ಷೇಪ ಎದ್ದದ್ದರಿಂದ ಕ್ಲಿಂಟನ್ ಸರ್ಕಾರ ಅದನ್ನು ತಡೆಹಿಡಿಯಿತು. 2001ರಲ್ಲಿ ಮಧ್ಯಸ್ಥಿಕೆ ಮಂಡಳಿ ಅಮೆರಿಕದ ವಿರುದ್ಧ ತೀರ್ಪು ಕೊಟ್ಟಿತು. 2007ರಲ್ಲಿ ಪ್ರಾಯೋಗಿಕ ಯೋಜನೆಯೊಂದು ಶುರುವಾಗಿ 2009ರಲ್ಲಿ ನಿಂತಾಗ ಮೆಕ್ಸಿಕೊ ಪ್ರತೀಕಾರದ ಸುಂಕ ಹೇರಿತು. 2011ರಲ್ಲಿ ಎರಡನೆಯ ಯೋಜನೆ ಬಂತು. ಮೆಕ್ಸಿಕೊದ ಕಂಪನಿಗಳು ದೂರಪ್ರಯಾಣದ ಪರವಾನಗಿಗೆ ಅರ್ಜಿ ಹಾಕಲು ದಾರಿಯಾದದ್ದು 2015ರಲ್ಲಿ. ಅಷ್ಟರೊಳಗೆ ಟ್ರಾನ್ಸ್‌ಫರ್ ಪದ್ಧತಿ ಬೇರೂರಿತ್ತು. ಅನುಮತಿ ಇದ್ದರೂ ಅಮೆರಿಕದೊಳಗೆ ಒಂದು ಊರಿನಿಂದ ಇನ್ನೊಂದು ಊರಿಗೆ ಸರಕು ಹೊರುವುದು ಮೆಕ್ಸಿಕೊ ಚಾಲಕರಿಗೆ ನಿಷಿದ್ಧ. 2025ರ ಜೂನ್ ಕೊನೆಯಿಂದ ಇಂಗ್ಲಿಷ್ ಬಾರದ ಚಾಲಕರನ್ನು ತಪಾಸಣೆಯಲ್ಲಿ ರಸ್ತೆಯಿಂದ ಕೆಳಗಿಳಿಸುವ ನಿಯಮವನ್ನು ಅಮೆರಿಕ ಮತ್ತೆ ಬಿಗಿಗೊಳಿಸಿತು. ಇಂಥ ಪ್ರಕಟಣೆ ಬಂದ ವಾರವೇ ತನ್ನ ಮಾರ್ಗಗಳಲ್ಲಿ ಚಾಲಕರ ಲೆಕ್ಕವನ್ನು ಮತ್ತೆ ಹಾಕುವುದು ಮುಖ್ಯಸ್ಥರ ಕೆಲಸ.

ಕಾಗದಪತ್ರದ ದಾರಿಯೂ ಲಾರಿಯ ದಾರಿಯಷ್ಟೇ ಬಳಸು. ಮೆಕ್ಸಿಕೊದ ಕಡೆ ಸಾಮಾನ್ಯವಾಗಿ ಪರವಾನಗಿ ಪಡೆದ ಕಸ್ಟಮ್ಸ್ ಏಜೆಂಟ್ ‘ಪೆದಿಮೆಂತೊ’ ಎಂಬ ಘೋಷಣಾಪತ್ರ ಸಲ್ಲಿಸುತ್ತಾರೆ. 2022ರ ಜನವರಿಯಿಂದ ಸರಕಿನ ವಿವರವನ್ನೆಲ್ಲ ವಿದ್ಯುನ್ಮಾನ ತೆರಿಗೆ ಬಿಲ್ಲಿಗೆ ಜೋಡಿಸುವ ‘ಕಾರ್ತಾ ಪೋರ್ತೆ’ ಕಡ್ಡಾಯವಾಯಿತು. ಅದೇ ತಿಂಗಳು ಕಸ್ಟಮ್ಸ್ ಆಡಳಿತ ತೆರಿಗೆ ಇಲಾಖೆಯ ಕೈಯಿಂದ ಹೊಸ ರಾಷ್ಟ್ರೀಯ ಸಂಸ್ಥೆಯ ಕೈಗೆ ಹೋಯಿತು. ಅಮೆರಿಕದ ಕಡೆ ಲಾರಿ ಗಡಿ ಮುಟ್ಟುವ ಕನಿಷ್ಠ ಒಂದು ಗಂಟೆ ಮೊದಲೇ ಸರಕಿನ ಪಟ್ಟಿ ವಿದ್ಯುನ್ಮಾನವಾಗಿ ತಲುಪಿರಬೇಕು. ‘ಫಾಸ್ಟ್’ ಯೋಜನೆಯಡಿ ನಂಬಿಕಸ್ಥರೆಂದು ನೋಂದಾಯಿಸಿಕೊಂಡವರಿಗೆ ಅರ್ಧ ಗಂಟೆ ಸಾಕು. ಆ ನೋಂದಣಿಯ ತಳಹದಿ, 2001ರ ಸೆಪ್ಟೆಂಬರ್ ದಾಳಿಯ ಬೆನ್ನಿಗೆ ಆ ನವೆಂಬರಿನಲ್ಲಿ ಆರಂಭವಾದ ಸಿ-ಟಿಪ್ಯಾಟ್ ಎಂಬ ಭದ್ರತಾ ಸಹಭಾಗಿತ್ವ. ಟ್ರೇಲರಿನ ಮೊಹರು, ಅಂಗಳದ ಬೇಲಿ, ಚಾಲಕರ ಹಿನ್ನೆಲೆ ಎಲ್ಲವೂ ಅದರ ತಪಾಸಣೆಗೆ ಒಳಪಡುತ್ತವೆ. ಒಂದು ಟ್ರೇಲರಿನಲ್ಲಿ ಮಾದಕವಸ್ತು ಸಿಕ್ಕಿದರೆ ಸದಸ್ಯತ್ವವೇ ಅಮಾನತಾಗಬಹುದು. ಆಗ ತ್ವರಿತ ಸಾಲು ಕೈತಪ್ಪಿ, ಕಂಪನಿಯ ಎಲ್ಲ ಲಾರಿಗಳೂ ಉದ್ದದ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಹೊರಗಿನಿಂದ ಬಂದ ಮುಖ್ಯಸ್ಥರು ಮೊದಲು ಎಡವುವುದು ಹೊಣೆಗಾರಿಕೆಯ ಕಾನೂನಿನಲ್ಲಿ. ಅಮೆರಿಕದೊಳಗೆ ಸರಕು ಕಳೆದರೆ ಸಾಗಣೆದಾರ ಸಾಮಾನ್ಯವಾಗಿ ಅದರ ನಿಜವಾದ ನಷ್ಟ ತುಂಬಿಕೊಡಬೇಕು. ಮೆಕ್ಸಿಕೊದಲ್ಲಿ ಗ್ರಾಹಕ ಮೊದಲೇ ಬೆಲೆ ಘೋಷಿಸಿ ಅದಕ್ಕೆ ಹಣ ಕಟ್ಟದಿದ್ದರೆ ಸಾಗಣೆದಾರನ ಹೊಣೆ ಟನ್ನಿನ ಲೆಕ್ಕದಲ್ಲಿ ಒಂದು ಸಣ್ಣ ಮೊತ್ತಕ್ಕೆ ನಿಂತುಬಿಡುತ್ತದೆ. ಪ್ವೆಬ್ಲಾ, ಮೆಕ್ಸಿಕೊ ರಾಜ್ಯ, ಗ್ವಾನಾಹ್ವಾತೊ ಹೆದ್ದಾರಿಗಳಲ್ಲಿ ಲಾರಿ ದರೋಡೆ ಹೆಚ್ಚು. ಸೇತುವೆಯ ಈಚೆ ಕಳೆದ ಟಿ.ವಿ.ಗಳಿಗೂ ಆಚೆ ಕಳೆದ ಟಿ.ವಿ.ಗಳಿಗೂ ಪರಿಹಾರ ಬೇರೆಬೇರೆ ಎಂಬುದನ್ನು ಕರಾರಿಗೆ ಸಹಿ ಬೀಳುವ ಮೊದಲೇ ಗ್ರಾಹಕನಿಗೆ ಬಿಡಿಸಿ ಹೇಳಬಲ್ಲವರು ಬೇಕು.

ಕಾನೂನು ಹಾಕಿದ ಬೇಲಿ

ಸಾಗಣೆ ಕಂಪನಿಯ ಮುಖ್ಯಸ್ಥರಾಗಲು ಅಮೆರಿಕದಲ್ಲಾಗಲಿ ಮೆಕ್ಸಿಕೊದಲ್ಲಾಗಲಿ ಪರವಾನಗಿ ಬೇಕಿಲ್ಲ. ಬೇಕಾಗುವುದು ಅವರ ಪಕ್ಕದಲ್ಲಿ ಕೂರುವ ಕಸ್ಟಮ್ಸ್ ಏಜೆಂಟರಿಗೆ. ಅಮೆರಿಕದಲ್ಲಿ ಈ ಪರವಾನಗಿ ಅಲ್ಲಿನ ಪೌರರಿಗೆ ಮಾತ್ರ ಸಿಗುತ್ತದೆ. ವರ್ಷಕ್ಕೆ ಎರಡು ಬಾರಿ ನಡೆಯುವ, 80 ಪ್ರಶ್ನೆಗಳ ಪರೀಕ್ಷೆಯಲ್ಲಿ ನೂರಕ್ಕೆ 75 ಅಂಕ ಬರಬೇಕು; ಪಾಸಾಗುವವರು ಕಡಿಮೆ. ಮೆಕ್ಸಿಕೊದಲ್ಲೂ ಇದು ತನ್ನ ಪ್ರಜೆಗಳಿಗೇ ಮೀಸಲು. ಅಲ್ಲಿ ಏಜೆಂಟರು ಘೋಷಿಸಿದ ವಿವರಕ್ಕೆ ಆಮದುದಾರರ ಜೊತೆ ತಾವೂ ತೆರಿಗೆಯ ಹೊಣೆ ಹೊರುತ್ತಾರೆ. ತಮ್ಮ ಪರವಾನಗಿಯನ್ನೇ ಪಣಕ್ಕಿಡಬೇಕಾದ ಏಜೆಂಟ್ ಅಪರಿಚಿತ ಮುಖ್ಯಸ್ಥರ ಅವಸರಕ್ಕೆ ಸಹಿ ಹಾಕುವುದಿಲ್ಲ. ಆದಕಾರಣ, ಯಾವ ಏಜೆಂಟರು ಯಾರ ಫೋನನ್ನು ರಾತ್ರಿ ಹತ್ತಕ್ಕೂ ಎತ್ತುತ್ತಾರೆ ಎಂಬ ಪ್ರಶ್ನೆಗೆ ನೇಮಕದ ಮಾತುಕತೆಯಲ್ಲಿ ಬೆಲೆ ಬರುತ್ತದೆ.

ಲಂಚದ ವಿಷಯ ಇನ್ನೂ ಸೂಕ್ಷ್ಮ. ವಿದೇಶಿ ಅಧಿಕಾರಿಗಳಿಗೆ ಲಂಚ ಕೊಡುವುದನ್ನು ಅಪರಾಧವೆನ್ನುವ ಅಮೆರಿಕದ ಕಾಯ್ದೆ 1977ರದು. ಸಾಗಣೆ ಉದ್ಯಮಕ್ಕೆ ಅದರ ಬಿಸಿ ಜೋರಾಗಿ ತಟ್ಟಿದ್ದು 2010ರ ನವೆಂಬರಿನಲ್ಲಿ. ನೈಜೀರಿಯಾ ಮೊದಲಾದ ದೇಶಗಳಲ್ಲಿ ಕಸ್ಟಮ್ಸ್ ಅಧಿಕಾರಿಗಳಿಗೆ ಲಂಚ ಸಂದಾಯವಾದ ಪ್ರಕರಣದಲ್ಲಿ ಸ್ವಿಟ್ಜರ್ಲೆಂಡಿನ ಪನಾಲ್ಪಿನಾ ಮತ್ತು ಅದರ ಮೂಲಕ ಸರಕು ಸಾಗಿಸುತ್ತಿದ್ದ ತೈಲ ವಲಯದ ಕಂಪನಿಗಳು ಒಟ್ಟು ಸುಮಾರು 23.6 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿದವು. ಸಾಗಣೆದಾರ ಕೊಟ್ಟ ಲಂಚಕ್ಕೆ ಸರಕಿನ ಯಜಮಾನರೂ ಬೆಲೆ ತೆರಬೇಕೆಂದು ಆ ಪ್ರಕರಣ ತೋರಿಸಿಕೊಟ್ಟಿತು. ಗಡಿಯಲ್ಲಿ ‘ಕೆಲಸ ಮಾಡಿಸಿಕೊಳ್ಳುವ’ ಖ್ಯಾತಿಯುಳ್ಳ ಅಭ್ಯರ್ಥಿ ಆ ಖ್ಯಾತಿಯನ್ನು ಯಾವ ದಾರಿಯಿಂದ ಗಳಿಸಿದರು ಎಂದು ಕೇಳದೆ ನೇಮಿಸುವುದು ಅಪಾಯಕಾರಿ. ಪರಿಚಯದ ಬಲ ಮತ್ತು ಲಂಚದ ಬಲ ಹೊರನೋಟಕ್ಕೆ ಒಂದೇ ಥರ ಕಾಣುತ್ತವೆ. ಎರಡರಲ್ಲೂ ಲಾರಿ ಬೇಗ ದಾಟುತ್ತದೆ.

ಅಭ್ಯರ್ಥಿಗಳು ಸಿಗುವ ಮೂಲಗಳು

ಗಡಿ ಸಾಗಣೆಯನ್ನು ಬಲ್ಲವರ ವಲಯ ಚಿಕ್ಕದು. ಲರೇಡೊದಲ್ಲಿ ಕಸ್ಟಮ್ಸ್ ಏಜೆನ್ಸಿ, ಉಗ್ರಾಣ, ಟ್ರಾನ್ಸ್‌ಫರ್ ಲಾರಿಗಳ ವ್ಯವಹಾರ ಅನೇಕ ಕಡೆ ಕುಟುಂಬದ ಆಸ್ತಿಯಾಗಿ ತಲೆಮಾರುಗಳಿಂದ ನಡೆದುಬಂದಿದೆ. ಆ ಮನೆಗಳ ಮಕ್ಕಳು ನದಿಯ ಎರಡೂ ದಡದಲ್ಲಿ ಓದಿ, ಎರಡು ಭಾಷೆಯನ್ನೂ ಮನೆಮಾತಿನಂತೆ ಆಡುತ್ತಾರೆ. ಊರಿನ ಟೆಕ್ಸಾಸ್ ಎ ಅಂಡ್ ಎಂ ಅಂತರರಾಷ್ಟ್ರೀಯ ವಿಶ್ವವಿದ್ಯಾಲಯ ಗಡಿ ವ್ಯಾಪಾರದ ಅಧ್ಯಯನಕ್ಕೆಂದೇ ಕೇಂದ್ರವೊಂದನ್ನು ಇಟ್ಟುಕೊಂಡಿದೆ. ಈ ಮೂಲದಿಂದ ಬರುವವರಿಗೆ ಗಡಿ ಅಂಗೈ ಗೆರೆಯಷ್ಟು ಪರಿಚಿತ. ಆದರೆ ಸಾವಿರಾರು ನೌಕರರ ಕಂಪನಿಯ ಆಯವ್ಯಯ, ನಿರ್ದೇಶಕ ಮಂಡಳಿಯ ಪ್ರಶ್ನೆಗಳು, ಷೇರು ಮಾರುಕಟ್ಟೆಯ ಒತ್ತಡ ಅವರಲ್ಲಿ ಹಲವರಿಗೆ ಹೊಸವು.

ಎರಡನೆಯ ಮೂಲ ಕಾರು ಮತ್ತು ಗೃಹೋಪಯೋಗಿ ಯಂತ್ರಗಳ ಕಾರ್ಖಾನೆಗಳು. ಅಲ್ಲಿ ಸಾಗಣೆ ನೋಡಿಕೊಂಡವರು ಗ್ರಾಹಕನ ಸ್ಥಾನದಲ್ಲಿದ್ದು ವಿಳಂಬದ ಬೆಲೆ ಕಂಡವರು. ಲಾರಿ ಮಾಲೀಕನ ಕಷ್ಟ ಅವರಿಗೆ ಅಷ್ಟು ಗೊತ್ತಿರುವುದಿಲ್ಲ. ಇತರ ಸಾಗಣೆ ಕಂಪನಿಗಳಿಂದ ಸೆಳೆಯುವುದು ಅತಿ ಸಾಮಾನ್ಯ, ಅತಿ ದುಬಾರಿ ಕೂಡ.

ಮೆಕ್ಸಿಕೊದೊಳಗಿನ ಮುಖ್ಯಸ್ಥರಿಗೆ ಸರ್ಕಾರದೊಡನೆ ವ್ಯವಹರಿಸುವ ಶಕ್ತಿಯೇ ಮುಖ್ಯವಾಗುವುದೂ ಉಂಟು. ಕ್ಯಾನ್ಸಸ್ ಸಿಟಿ ಸದರ್ನ್ ರೈಲ್ವೆಯ ಮೆಕ್ಸಿಕೊ ಶಾಖೆಗೆ 2006ರಲ್ಲಿ ಅಧ್ಯಕ್ಷರಾದ ಹೊಸೆ ಸೊಸಾಯಾ ರೈಲು ಓಡಿಸಿ ಮೇಲೆ ಬಂದವರಲ್ಲ. ತೈಲ ಕಂಪನಿಯೊಂದರಲ್ಲಿ ಕಾನೂನು ಮತ್ತು ಸರ್ಕಾರಿ ಸಂಪರ್ಕ ನೋಡಿಕೊಳ್ಳುತ್ತಿದ್ದ ವಕೀಲರು ಅವರು. ಆ ರೈಲ್ವೆ ಓಡುವುದೇ ಸರ್ಕಾರ ಕೊಟ್ಟ ಗುತ್ತಿಗೆಯ ಮೇಲೆ ಎಂಬುದನ್ನು ನೆನೆದರೆ ಆ ಆಯ್ಕೆಯ ತರ್ಕ ತಿಳಿಯುತ್ತದೆ. 2023ರ ಏಪ್ರಿಲ್ 14ರಂದು ಆ ರೈಲ್ವೆ ಕೆನೇಡಿಯನ್ ಪೆಸಿಫಿಕ್ ಜೊತೆ ಒಂದಾಗಿ, ಕೆನಡಾ, ಅಮೆರಿಕ, ಮೆಕ್ಸಿಕೊ ಮೂರನ್ನೂ ಒಂದೇ ಹಳಿಜಾಲದಲ್ಲಿ ಕೂಡಿಸಿದ ಮೊದಲ ಕಂಪನಿಯಾಯಿತು.

ಹುಡುಕಾಟ

ಉನ್ನತ ಹುದ್ದೆಗಳಿಗೆ ಪತ್ರಿಕಾ ಜಾಹೀರಾತು ಅಪರೂಪ. ಕಂಪನಿ ಸಾಮಾನ್ಯವಾಗಿ ಹುಡುಕಾಟದ ಸಂಸ್ಥೆಯೊಂದರ ಮೊರೆ ಹೋಗುತ್ತದೆ. ಇವುಗಳಲ್ಲಿ ಎರಡು ಬಗೆ. ಅಭ್ಯರ್ಥಿ ಸೇರಿದರೆ ಮಾತ್ರ ಶುಲ್ಕ ಪಡೆಯುವವು ಒಂದು. ಕೆಲಸ ಒಪ್ಪಿಕೊಂಡಾಗಲೇ ಮೊದಲ ಕಂತು ಪಡೆದು, ಆ ಹುದ್ದೆಗೆ ತಾವೊಬ್ಬರೇ ಹುಡುಕುವವು ಇನ್ನೊಂದು. ಚಿಕಾಗೊದಲ್ಲಿ 1953ರಲ್ಲಿ ಆರಂಭವಾದ ಹೈಡ್ರಿಕ್ ಅಂಡ್ ಸ್ಟ್ರಗಲ್ಸ್, 1969ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಕಾರ್ನ್ ಫೆರಿ ಎರಡನೆಯ ಬಗೆಗೆ ಸೇರಿದವು. ಇವುಗಳ ವಾಡಿಕೆಯ ಶುಲ್ಕ ಅಭ್ಯರ್ಥಿಯ ಮೊದಲ ವರ್ಷದ ನಗದು ಸಂಭಾವನೆಯ ಮೂರನೆಯ ಒಂದು ಭಾಗ. ದೊಡ್ಡ ಸಂಸ್ಥೆಗಳ ಜೊತೆಗೆ ಸಾಗಣೆ ಕ್ಷೇತ್ರವನ್ನಷ್ಟೇ ಬಲ್ಲ ಚಿಕ್ಕ ಸಂಸ್ಥೆಗಳೂ ಇವೆ. ಗಡಿಯ ಹುದ್ದೆಗಳಲ್ಲಿ ಇವು ಅನೇಕ ಸಲ ದೊಡ್ಡವರಿಗಿಂತ ಬೇಗ ಸರಿಯಾದ ಬಾಗಿಲು ತಟ್ಟುತ್ತವೆ.

ದೊಡ್ಡ ಸಂಸ್ಥೆಗೆ ಅದರ ದೊಡ್ಡತನವೇ ತೊಡಕಾಗುವುದುಂಟು. ಒಂದು ಕಂಪನಿಗೆ ಕೆಲಸ ಮಾಡಿಕೊಟ್ಟ ಹುಡುಕಾಟದ ಸಂಸ್ಥೆ ನಿರ್ದಿಷ್ಟ ಅವಧಿಯವರೆಗೆ ಆ ಕಂಪನಿಯ ಜನರನ್ನು ಬೇರೆಡೆಗೆ ಸೆಳೆಯುವಂತಿಲ್ಲ. ನಾಲ್ಕಾರು ಪ್ರಮುಖ ಸಾಗಣೆ ಕಂಪನಿಗಳು ಈಗಾಗಲೇ ಗ್ರಾಹಕರಾಗಿದ್ದರೆ ಅಭ್ಯರ್ಥಿಗಳ ಕ್ಷೇತ್ರದ ಅರ್ಧಕ್ಕೆ ಬೇಲಿ ಬಿದ್ದಂತೆಯೇ. ಕೆಲಸ ಒಪ್ಪಿಸುವ ಮೊದಲು ಯಾವ ಕಂಪನಿಗಳು ಈ ಪಟ್ಟಿಯಲ್ಲಿವೆ ಎಂದು ಕೇಳುವುದು ಗ್ರಾಹಕರ ಹಕ್ಕು. ಕೇಳದಿದ್ದರೆ ಸಂಸ್ಥೆ ತಾನಾಗಿ ಹೇಳುತ್ತದೆಂಬ ಭರವಸೆಯಿಲ್ಲ.

ಹುಡುಕಾಟ ಆರಂಭವಾಗುವುದು ಹುದ್ದೆಯ ವಿವರಣೆಯಿಂದ. ಹಲವು ನೇಮಕಗಳು ಕೆಡುವುದೂ ಅಲ್ಲೇ. ಪ್ರಧಾನ ಕಚೇರಿಯಲ್ಲಿ ಕೂತು ಬರೆದ ವಿವರಣೆಯಲ್ಲಿ ಎಂ.ಬಿ.ಎ., ಇಪ್ಪತ್ತು ವರ್ಷದ ಅನುಭವ, ದೊಡ್ಡ ತಂಡ ನಡೆಸಿದ ದಾಖಲೆ ಇತ್ಯಾದಿ ಇರುತ್ತದೆ. ದಕ್ಷಿಣಕ್ಕೆ ಹೋಗುವ ಸರಕಿಗಿಂತ ಉತ್ತರಕ್ಕೆ ಬರುವ ಸರಕು ಹೆಚ್ಚಾದ್ದರಿಂದ ಖಾಲಿ ಟ್ರೇಲರುಗಳನ್ನು ಮೆಕ್ಸಿಕೊಗೆ ಮರಳಿಸುವ ಖರ್ಚು ಯಾರ ಲೆಕ್ಕಕ್ಕೆ ಬೀಳಬೇಕು, ಟ್ರೇಲರ್ ವಿನಿಮಯದ ಕರಾರುಗಳನ್ನು ಮುರಿಯುವ ಅಧಿಕಾರ ಯಾರದು, ಭದ್ರತೆಯ ಕಾರಣಕ್ಕೆ ಒಂದು ಮಾರ್ಗವನ್ನೇ ನಿಲ್ಲಿಸಲು ಮುಖ್ಯಸ್ಥರಿಗೆ ಸ್ವಾತಂತ್ರ್ಯವಿದೆಯೆ ಎಂಬುದು ಅದರಲ್ಲಿ ಇರುವುದಿಲ್ಲ. ಅನುಭವವಿರುವ ಅಭ್ಯರ್ಥಿ ಮೊದಲ ಭೇಟಿಯಲ್ಲಿ ಇದನ್ನೇ ಕೇಳುತ್ತಾರೆ. ಕೇಳದವರ ಬಗ್ಗೆ ಅನುಮಾನ ಪಡುವುದು ತಪ್ಪಲ್ಲ.

ಗುಟ್ಟು ಕಾಪಾಡುವುದು ಇನ್ನೊಂದು ಕಷ್ಟ. ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರಿನಲ್ಲಿ ಲರೇಡೊದ ಹೋಟೆಲಿನಲ್ಲಿ ನಡೆದ ಸಂದರ್ಶನ ಸಂಜೆಗೇ ಬಯಲಾಗುತ್ತದೆ. ಹೀಗಾಗಿ ಮಾತುಕತೆಗಳನ್ನು ಸ್ಯಾನ್ ಆಂಟೋನಿಯೊ, ಡಲ್ಲಾಸ್, ಮಾಂಟೆರೇಗಳಲ್ಲಿ ಇಟ್ಟುಕೊಳ್ಳುವುದು ಜಾಣತನ.

ಪರೀಕ್ಷೆ

ಸಂದರ್ಶನದಲ್ಲಿ ಮಾತು ಬಲ್ಲವರು ಗೆಲ್ಲುತ್ತಾರೆ. ಗಡಿಯ ಹುದ್ದೆಗೆ ಅದು ಸಾಲದೆಂದು ಅನುಭವಸ್ಥ ಆಯ್ಕೆದಾರರು ನಿಜವಾಗಿ ನಡೆದ ಬಿಕ್ಕಟ್ಟುಗಳನ್ನೇ ಮುಂದಿಡುತ್ತಾರೆ. 2022ರ ಏಪ್ರಿಲಿನಲ್ಲಿ ಟೆಕ್ಸಾಸ್ ರಾಜ್ಯಪಾಲ ಗ್ರೆಗ್ ಅಬಟ್, ಮೆಕ್ಸಿಕೊದಿಂದ ಬರುವ ಲಾರಿಗಳನ್ನು ಕೇಂದ್ರದ ತಪಾಸಣೆಯ ನಂತರ ರಾಜ್ಯ ಪೊಲೀಸರೂ ಬಿಡಿಬಿಡಿಯಾಗಿ ತಪಾಸಿಸಬೇಕೆಂದು ಆದೇಶಿಸಿದರು. ಸೇತುವೆಗಳ ಮೇಲೆ ಮೈಲುಗಟ್ಟಲೆ ಸಾಲು ಬೆಳೆಯಿತು, ತರಕಾರಿ ಕೊಳೆಯಿತು. ಗಡಿಯ ನಾಲ್ಕು ಮೆಕ್ಸಿಕನ್ ರಾಜ್ಯಗಳ ರಾಜ್ಯಪಾಲರೊಡನೆ ಒಪ್ಪಂದಗಳಾದ ಮೇಲೆ, ಹತ್ತು ದಿನ ತುಂಬುವುದರೊಳಗೆ ಅದು ಮುಗಿಯಿತು. ಅದೇ ವರ್ಷ ಫೆಬ್ರವರಿಯಲ್ಲಿ ಡೆಟ್ರಾಯ್ಟ್–ವಿಂಡ್ಸರ್ ನಡುವಿನ ಅಂಬಾಸಡರ್ ಸೇತುವೆಯನ್ನು ಕೆನಡಾದ ಪ್ರತಿಭಟನಾಕಾರರು ಸುಮಾರು ಒಂದು ವಾರ ತಡೆದಾಗ ಕಾರು ಕಾರ್ಖಾನೆಗಳು ಕೆಲಸ ಕಡಿತಗೊಳಿಸಬೇಕಾಯಿತು. ಆ ದಿನಗಳಲ್ಲಿ ತಾವು ಏನು ಮಾಡಿದಿರಿ, ಯಾರಿಗೆ ಮೊದಲು ಫೋನ್ ಮಾಡಿದಿರಿ, ಯಾವ ಗ್ರಾಹಕನ ಸರಕನ್ನು ಹಿಂದಿಟ್ಟಿರಿ ಎಂಬ ಪ್ರಶ್ನೆಗೆ ಬರುವ ಉತ್ತರ, ನಾಯಕತ್ವದ ಶೈಲಿಯ ಬಗೆಗಿನ ಒಂದು ಗಂಟೆಯ ಮಾತಿಗಿಂತ ಹೆಚ್ಚು ತಿಳಿಸುತ್ತದೆ.

ಅಂಕಿಅಂಶಗಳನ್ನು ಕೇಳುವುದೂ ರೂಢಿ. ಟ್ರೇಲರ್ ಗಡಿಯ ಅಂಗಳದಲ್ಲಿ ಎಷ್ಟು ಹೊತ್ತು ನಿಂತಿತು, ಒಂದು ತಿಂಗಳಲ್ಲಿ ಎಷ್ಟು ಸುತ್ತು ಹೊಡೆಯಿತು, ನೂರು ದಾಟುವಿಕೆಗಳಲ್ಲಿ ಎಷ್ಟು ತಪಾಸಣೆಗೆ ಸಿಕ್ಕಿಬಿದ್ದವು, ನಷ್ಟದ ದಾವೆ ಎಷ್ಟು. ಆದರೆ ಇವುಗಳಲ್ಲಿ ಅರ್ಧ ಏಜೆಂಟರ ಕೈಯಲ್ಲಿರುವುದರಿಂದ ಅಂಕಿ ಚೆನ್ನಾಗಿದೆ ಎಂದಮಾತ್ರಕ್ಕೆ ಶ್ರೇಯಸ್ಸು ಅಭ್ಯರ್ಥಿಯದೇ ಎನ್ನುವಂತಿಲ್ಲ. ಹಿಂದಿನ ಮೇಲಧಿಕಾರಿಗಳ ಶಿಫಾರಸಿನ ಜೊತೆ ಎರಡೂ ದಡದ ಏಜೆಂಟರ, ಟ್ರಾನ್ಸ್‌ಫರ್ ಮಾಲೀಕರ ಮಾತನ್ನೂ ಕೇಳುವುದು ಇದಕ್ಕಾಗಿಯೇ. ಹಣ ಬಾಕಿ ಉಳಿಸಿಕೊಂಡ ಮುಖ್ಯಸ್ಥರ ನೆನಪು ಅವರಲ್ಲಿ ಬಹುಕಾಲ ಉಳಿಯುತ್ತದೆ.

ಲೆಕ್ಕಪತ್ರದ ಪ್ರಾಮಾಣಿಕತೆಯನ್ನು ಪ್ರತ್ಯೇಕವಾಗಿ ನೋಡಬೇಕೆಂಬುದಕ್ಕೆ ಸೆಲಡಾನ್ ಕಂಪನಿಯ ಕಥೆ ಸಾಕ್ಷಿ. 1985ರಲ್ಲಿ ಸ್ಥಾಪನೆಯಾಗಿ, ಮೆಕ್ಸಿಕೊ ಗಡಿ ಸಾಗಣೆಯಲ್ಲಿ ಹೆಸರು ಮಾಡಿದ್ದ ಈ ಕಂಪನಿ ಲೆಕ್ಕದ ವಂಚನೆಯ ಪ್ರಕರಣದಲ್ಲಿ 2019ರ ಏಪ್ರಿಲಿನಲ್ಲಿ 4.22 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು. ಆ ಡಿಸೆಂಬರಿನಲ್ಲಿ ದಿವಾಳಿಯಾಯಿತು. ಇಂಧನದ ಕಾರ್ಡು ಕೆಲಸ ಮಾಡದೆ ಚಾಲಕರು ದಾರಿಯಲ್ಲೇ ಸಿಕ್ಕಿಕೊಂಡರು.

ಒಳಗಿನವರೋ ಹೊರಗಿನವರೋ

ಸಾಗಣೆ ಉದ್ಯಮದಲ್ಲಿ ಈ ವಾದ ಹಳೆಯದು. ಇತ್ತೀಚಿನ ಎರಡು ನೇಮಕಗಳು ಅದಕ್ಕೆ ಹೊಸ ಸಾಮಗ್ರಿ ಒದಗಿಸಿವೆ. ಸರಕು ರವಾನೆಯ ಮಧ್ಯವರ್ತಿ ವ್ಯವಹಾರದ ಫ್ಲೆಕ್ಸ್‌ಪೋರ್ಟ್ ಕಂಪನಿ ಅಮೆಜಾನಿನಲ್ಲಿ 23 ವರ್ಷ ದುಡಿದ ಡೇವ್ ಕ್ಲಾರ್ಕ್ ಅವರನ್ನು 2022ರ ಸೆಪ್ಟೆಂಬರಿನಲ್ಲಿ ಕರೆತಂದಿತು. ಅಮೆಜಾನಿನ ಸಾಗಣೆ ಜಾಲವನ್ನು ಕಟ್ಟಿದವರಲ್ಲಿ ಅವರು ಪ್ರಮುಖರು. 2023ರ ಮಾರ್ಚಿನಲ್ಲಿ ಕಂಪನಿಯ ಪೂರ್ಣ ಹೊಣೆ ಅವರಿಗೆ ಬಂತು. ಸೆಪ್ಟೆಂಬರಿನಲ್ಲಿ ಅವರು ಹೊರಬಿದ್ದರು. ಮರಳಿ ಬಂದ ಸ್ಥಾಪಕ ರಾಯನ್ ಪೀಟರ್ಸನ್ ಕೂಡಲೇ ಹತ್ತಾರು ಮಂದಿಗೆ ಕೊಟ್ಟಿದ್ದ ಉದ್ಯೋಗದ ಆಹ್ವಾನಗಳನ್ನು ಹಿಂಪಡೆದರು. ತನ್ನದೇ ಸರಕನ್ನು ತನ್ನದೇ ಉಗ್ರಾಣಗಳ ಮೂಲಕ ಸಾಗಿಸುವ ಕಂಪನಿಯ ಅಭ್ಯಾಸ, ಪರರ ಸರಕನ್ನು ಪರರ ಹಡಗು ಲಾರಿಗಳಲ್ಲಿ ಸಾಗಿಸುವ ಕಂಪನಿಗೆ ಹೊಂದಿಕೊಳ್ಳಲಿಲ್ಲ ಎಂಬುದು ಆ ಪ್ರಕರಣವನ್ನು ಓದುವ ಒಂದು ಬಗೆ. ವೆಚ್ಚ ಮತ್ತು ಸ್ಥಾಪಕರ ಜೊತೆಗಿನ ಭಿನ್ನಾಭಿಪ್ರಾಯವೂ ಸೇರಿತ್ತು.

ಇದಕ್ಕೆ ವಿರುದ್ಧವಾದ ಉದಾಹರಣೆ ಸಿ.ಎಚ್. ರಾಬಿನ್ಸನ್. 1905ರಲ್ಲಿ ಆರಂಭವಾದ ಈ ದಲ್ಲಾಳಿ ಕಂಪನಿ 2022ರ ಕೊನೆಗೆ ತನ್ನೊಳಗಿನಿಂದಲೇ ಬೆಳೆದ ಮುಖ್ಯಸ್ಥರನ್ನು ಇಳಿಸಿ, 2023ರ ಜೂನಿನಲ್ಲಿ ಡೇವ್ ಬೋಜ್‌ಮನ್ ಅವರನ್ನು ನೇಮಿಸಿತು. ಕ್ಯಾಟರ್‌ಪಿಲರ್, ಅಮೆಜಾನ್, ಫೋರ್ಡ್‌ಗಳಲ್ಲಿ ಕೆಲಸ ಮಾಡಿದ್ದ ಅವರು ಸರಕು ದಲ್ಲಾಳಿ ವ್ಯವಹಾರದಿಂದ ಬಂದವರಲ್ಲ. ಕಾರ್ಖಾನೆಗಳ ಶಿಸ್ತನ್ನು ತಂದು ಕಂಪನಿಯ ವೆಚ್ಚ ಇಳಿಸಿದರು. ವ್ಯವಹಾರ ಬಲ್ಲ ಹಳಬರು ಕೆಳಗೆ ಉಳಿದೇ ಇದ್ದರು. ಇಡೀ ಕಂಪನಿಯ ಮೇಲಿನ ಸ್ಥಾನಕ್ಕೆ ಹೊರಗಿನವರು ಒಗ್ಗಬಹುದು. ಗಡಿಯ ಹುದ್ದೆ ಒಂದು ಮೆಟ್ಟಿಲು ಕೆಳಗಿನದು, ಸೇತುವೆಗೆ ಒಂದು ಮೆಟ್ಟಿಲು ಹತ್ತಿರದ್ದು. ಅಲ್ಲಿ ಹೊರಗಿನವರನ್ನು ತರುವ ಕಂಪನಿ ಅವರ ಕೆಳಗೆ ಗಡಿ ಬಲ್ಲ ಎರಡನೆಯ ವ್ಯಕ್ತಿಯನ್ನು ಮೊದಲೇ ಗಟ್ಟಿ ಮಾಡಿಕೊಂಡಿರಬೇಕು.

ಕರಾರು ಮತ್ತು ಸಂಭಾವನೆ

ಮುಖ್ಯಸ್ಥರು ನದಿಯ ಯಾವ ದಡದಲ್ಲಿ ನೆಲೆಸುತ್ತಾರೆ ಎಂಬುದರ ಮೇಲೆ ಕರಾರಿನ ಸ್ವರೂಪ ನಿಂತಿದೆ. ಮೆಕ್ಸಿಕೊದ ಕಾರ್ಮಿಕ ಕಾನೂನು ಉನ್ನತಾಧಿಕಾರಿಗಳನ್ನೂ ಕಾಯುತ್ತದೆ. ಸಕಾರಣವಿಲ್ಲದೆ ತೆಗೆದರೆ ಮೂರು ತಿಂಗಳ ಸಂಬಳ ಮತ್ತು ಸೇವಾವಧಿಗೆ ತಕ್ಕ ಮೊತ್ತ ಕೊಡಬೇಕು. ವರ್ಷಾಂತ್ಯದ ಬೋನಸು ಕನಿಷ್ಠ 15 ದಿನದ ಸಂಬಳ. ಸಾಮಾನ್ಯ ನೌಕರರಿಗೆ ಪರೀಕ್ಷಾವಧಿ 30 ದಿನವಾದರೆ ನಿರ್ದೇಶಕ ಮಟ್ಟದವರಿಗೆ 180 ದಿನದವರೆಗೆ ಹಾಕಬಹುದು. ನೌಕರರಲ್ಲಿ ನೂರಕ್ಕೆ 90ರಷ್ಟು ಮೆಕ್ಸಿಕನ್ನರೇ ಇರಬೇಕೆಂಬ ನಿಯಮದಿಂದ ನಿರ್ದೇಶಕರಿಗೂ ಪ್ರಧಾನ ವ್ಯವಸ್ಥಾಪಕರಿಗೂ ವಿನಾಯಿತಿ ಇದೆ. 2021ರ ಸುಧಾರಣೆ ನೌಕರರನ್ನು ಬೇರೊಂದು ಕಂಪನಿಯ ಹೆಸರಿನಲ್ಲಿ ಇಟ್ಟುಕೊಳ್ಳುವ ಹಳೆಯ ಉಪಾಯವನ್ನು ಮುಚ್ಚಿತು.

ಮೆಕ್ಸಿಕೊದವರನ್ನು ಅಮೆರಿಕದ ಕಡೆ ಕೂರಿಸಬೇಕಾದರೆ ವೀಸಾದ ಪ್ರಶ್ನೆ. ಯುಎಸ್‌ಎಂಸಿಎ ಒಪ್ಪಂದದಡಿಯ ಟಿಎನ್ ವೀಸಾ ಎಂಜಿನಿಯರ್, ಲೆಕ್ಕಿಗ ಮೊದಲಾದ ಗೊತ್ತುಪಡಿಸಿದ ವೃತ್ತಿಗಳಿಗಷ್ಟೇ ಸಿಗುತ್ತದೆ. ಸಾಗಣೆ ಕಂಪನಿಯ ವ್ಯವಸ್ಥಾಪಕ ಹುದ್ದೆ ಆ ಪಟ್ಟಿಯಲ್ಲಿಲ್ಲ. ಅದೇ ಕಂಪನಿಯ ವಿದೇಶಿ ಶಾಖೆಯಲ್ಲಿ ಕಳೆದ ಮೂರು ವರ್ಷಗಳಲ್ಲಿ ಒಂದು ವರ್ಷವಾದರೂ ದುಡಿದವರಿಗೆ ಎಲ್-1ಎ ವೀಸಾ ಇದೆ, ಗರಿಷ್ಠ ಏಳು ವರ್ಷಕ್ಕೆ. ಹೊರಗಿನಿಂದ ಹೊಸದಾಗಿ ಸೆಳೆದವರಿಗೆ ಇದು ಒದಗುವುದಿಲ್ಲ. ಇಂಥ ಕಾರಣಕ್ಕೇ ಅನೇಕ ಕಂಪನಿಗಳು ಮುಖ್ಯಸ್ಥರನ್ನು ಮಾಂಟೆರೇಯಲ್ಲಿ ಇಟ್ಟು ಲರೇಡೊಗೆ ಓಡಾಡಿಸುತ್ತವೆ.

ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದೆಂಬ ಷರತ್ತಿನ ಬಲವೂ ಜಾಗಕ್ಕೆ ತಕ್ಕಂತೆ ಬದಲಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಮಾನ್ಯತೆಯಿಲ್ಲ, ಟೆಕ್ಸಾಸ್‌ನಲ್ಲಿ ಮಿತಿಯೊಳಗೆ ಇದೆ. ಅಮೆರಿಕದಾದ್ಯಂತ ಅದನ್ನು ನಿಷೇಧಿಸಲು ಕೇಂದ್ರದ ವ್ಯಾಪಾರ ಆಯೋಗ 2024ರ ಏಪ್ರಿಲಿನಲ್ಲಿ ಹೊರಡಿಸಿದ ನಿಯಮವನ್ನು ಟೆಕ್ಸಾಸ್‌ನ ಕೇಂದ್ರ ನ್ಯಾಯಾಲಯ ಆಗಸ್ಟಿನಲ್ಲಿ ಬದಿಗಿಟ್ಟಿತು. ಭಾರತದಲ್ಲಿ ನೌಕರಿ ಬಿಟ್ಟ ಮೇಲಿನ ಇಂಥ ನಿರ್ಬಂಧ 1872ರ ಕರಾರು ಕಾಯ್ದೆಯ 27ನೆಯ ಕಲಮಿನ ಪ್ರಕಾರ ಅಸಿಂಧು. ಷರತ್ತು ನಿಲ್ಲದ ಕಡೆ ಕಂಪನಿಗಳು ಮುಂದೂಡಿದ ಬೋನಸು, ವರ್ಷಗಳ ಮೇಲೆ ಕೈಸೇರುವ ಷೇರುಗಳಿಂದ ಜನರನ್ನು ಹಿಡಿದಿಡಲು ನೋಡುತ್ತವೆ.

ಇತರ ಗಡಿಗಳು

ಯುರೋಪಿನಲ್ಲಿ ಕಾನೂನೇ ಹುದ್ದೆಯ ಅರ್ಹತೆಯನ್ನು ಗೊತ್ತುಪಡಿಸಿದೆ. 2011ರ ಡಿಸೆಂಬರ್ 4ರಿಂದ ಜಾರಿಯಲ್ಲಿರುವ 1071/2009 ಸಂಖ್ಯೆಯ ನಿಯಮದಂತೆ ರಸ್ತೆ ಸಾಗಣೆಯ ಪ್ರತಿ ಕಂಪನಿಯೂ ಸಾಗಣೆ ವ್ಯವಸ್ಥಾಪಕರೊಬ್ಬರನ್ನು ಹೆಸರಿಸಬೇಕು. ಅವರು ಪರೀಕ್ಷೆ ಪಾಸಾಗಿ ವೃತ್ತಿ ಪ್ರಮಾಣಪತ್ರ ಪಡೆದಿರಬೇಕು, ಒಳ್ಳೆಯ ಹೆಸರುಳ್ಳವರಾಗಿರಬೇಕು, ಯುರೋಪಿನ ಒಕ್ಕೂಟದೊಳಗೆ ವಾಸಿಸುತ್ತಿರಬೇಕು. ಹೊರಗಿನಿಂದ ಕರಾರಿನ ಮೇಲೆ ಬಂದವರು ನಾಲ್ಕು ಕಂಪನಿಗಳಿಗಿಂತ ಹೆಚ್ಚು ನೋಡಿಕೊಳ್ಳುವಂತಿಲ್ಲ. ಎಲ್ಲ ಸೇರಿ 50 ವಾಹನ ಮೀರಬಾರದು. ಗಂಭೀರ ಅಪರಾಧಗಳಾದರೆ ಅವರನ್ನು ಅನರ್ಹರೆಂದು ಘೋಷಿಸಬಹುದು. ಚಿಕ್ಕ ಕಂಪನಿಗಳು ಪ್ರಮಾಣಪತ್ರವನ್ನು ಹೆಸರಿಗಷ್ಟೇ ಬಾಡಿಗೆಗೆ ಪಡೆಯದಂತೆ ಹಾಕಿದ ತಡೆ ಇದು. 2020ರ ನಿಯಮಗಳ ಗುಚ್ಛದಲ್ಲಿ ಲಾರಿಗಳು ಎಂಟು ವಾರಕ್ಕೊಮ್ಮೆ ಸ್ವದೇಶಕ್ಕೆ ಮರಳಬೇಕೆಂದಿದ್ದ ವಿಧಿಯನ್ನು ಯುರೋಪಿನ ನ್ಯಾಯಾಲಯ 2024ರ ಅಕ್ಟೋಬರಿನಲ್ಲಿ ರದ್ದುಮಾಡಿತು. ಬ್ರಿಟನ್ ಒಕ್ಕೂಟ ಬಿಟ್ಟು 2021ರ ಆರಂಭದಿಂದ ಸುಂಕದ ಕಾಗದಪತ್ರ ಮರಳಿದಾಗ, ಅದನ್ನು ಬಲ್ಲವರಿಗೆ ಬೇಡಿಕೆ ಏರಿತು.

ಭಾರತದ ನೆಲಗಡಿಗಳಲ್ಲಿ ಇಂಥ ಹುದ್ದೆಗಳು ಇನ್ನೂ ರೂಪುಗೊಳ್ಳುತ್ತಿವೆ. ಭೂ ಬಂದರು ಪ್ರಾಧಿಕಾರ 2012ರಲ್ಲಿ ಅಸ್ತಿತ್ವಕ್ಕೆ ಬಂತು. ಬಾಂಗ್ಲಾದೇಶದ ಜೊತೆಗಿನ ನೆಲಮಾರ್ಗದ ವ್ಯಾಪಾರಕ್ಕೆ ಮುಖ್ಯ ಬಾಗಿಲಾದ ಪಶ್ಚಿಮ ಬಂಗಾಳದ ಪೆಟ್ರಾಪೋಲ್‌ನಲ್ಲಿ ಭಾರತದ ಲಾರಿ ಆಚೆಯ ಬೇನಾಪೋಲ್‌ನಲ್ಲಿ ಸರಕಿಳಿಸಿ ಮರಳುತ್ತದೆ. ಲಾರಿಗಳು ನಾಲ್ಕೂ ದೇಶಗಳಲ್ಲಿ ಓಡಾಡಲೆಂದು ಭಾರತ, ಬಾಂಗ್ಲಾದೇಶ, ಭೂತಾನ್, ನೇಪಾಳ 2015ರ ಜೂನ್ 15ರಂದು ಥಿಂಪುವಿನಲ್ಲಿ ಸಹಿ ಹಾಕಿದ ಮೋಟಾರು ವಾಹನ ಒಪ್ಪಂದ ಭೂತಾನದ ಅನುಮೋದನೆ ಸಿಗದೆ ಪೂರ್ತಿ ಜಾರಿಯಾಗಲಿಲ್ಲ. ಮೊಹರು ಹಾಕಿದ ಸರಕನ್ನು ಪ್ರತಿ ಗಡಿಯಲ್ಲೂ ಬಿಚ್ಚದೆ ಸಾಗಿಸುವ ಟಿಐಆರ್ ಒಡಂಬಡಿಕೆಗೆ ಭಾರತ 2017ರಲ್ಲಿ ಸೇರಿತು. ರಾಜಕೀಯದ ಏರಿಳಿತ ಇಲ್ಲಿ ಇನ್ನೂ ತೀವ್ರ: 2025ರ ಏಪ್ರಿಲಿನಲ್ಲಿ ಅಟ್ಟಾರಿ ಗಡಿ ಮುಚ್ಚಿತು, ಮೇ ತಿಂಗಳಲ್ಲಿ ಬಾಂಗ್ಲಾದೇಶದ ಸಿದ್ಧ ಉಡುಪು ಭೂ ಬಂದರುಗಳ ಮೂಲಕ ಬರುವುದನ್ನು ಭಾರತ ತಡೆಯಿತು. ಕಸ್ಟಮ್ಸ್ ದಲ್ಲಾಳಿಗಳ ಪರೀಕ್ಷೆ, ಪರವಾನಗಿಗಳನ್ನು 2018ರ ನಿಯಮಾವಳಿ ನಿಯಂತ್ರಿಸುತ್ತದೆ.

ಕರ್ನಾಟಕಕ್ಕೆ ವಿದೇಶದ ನೆಲಗಡಿ ಇಲ್ಲ. ಈ ವ್ಯವಹಾರದ ಜೊತೆ ಅದರ ನಂಟು ಬೆಂಗಳೂರಿನ ಕಚೇರಿಗಳ ಮೂಲಕ. ಡೆನ್ಮಾರ್ಕಿನ ಮೇರ್ಸ್ಕ್‌ನಂಥ ಸಾಗಣೆ ಕಂಪನಿಗಳು ಅಲ್ಲಿ ತಂತ್ರಜ್ಞಾನದ ಕೆಲಸ ನಡೆಸುತ್ತವೆ. ಸರಕಿನ ಜಾಡು ಹಿಡಿಯುವ ತಂತ್ರಾಂಶ, ದರದ ಲೆಕ್ಕಾಚಾರ, ದಾಖಲೆಗಳ ಸಂಸ್ಕರಣೆ ಇಂಥ ಕಚೇರಿಗಳಲ್ಲಿ ನಡೆಯುವ ಕೆಲಸ. ಇಲ್ಲಿಂದ ಮೇಲೇರಿದವರು ಅಂಕಿಅಂಶದ ಬಲದಿಂದ ಜಾಗತಿಕ ಹುದ್ದೆಗಳ ಅಭ್ಯರ್ಥಿಗಳಾಗಬಲ್ಲರು. ಗಡಿಯ ಕಾರ್ಯಾಚರಣೆಯ ಹೊಣೆ ಅವರಿಗೆ ಬರುವುದಾದರೆ ಅದಕ್ಕೆ ಮೊದಲು ಎರಡು ಮೂರು ವರ್ಷವಾದರೂ ಸೇತುವೆಯ ಬಳಿಯ ಅಂಗಳದಲ್ಲಿ ಕೆಲಸ ಮಾಡಿಸುವುದು ಕಂಪನಿಗಳಿಗೆ ಅಗ್ಗದ ತರಬೇತಿ.